ಮಕ್ಕಳ ಅಲರ್ಜಿ ಮತ್ತು ಮನೆಯಲ್ಲೇ ಮಾಡುವ ಸಾಸುಗಳು: ಒಂದನ್ನು ಬಿಟ್ಟಾಗ ಅದರ ಜಾಗಕ್ಕೆ ಏನು ಬರುತ್ತದೆ?

ಮಗುವಿಗೆ ಮೊಟ್ಟೆಯೋ ಸಾಸಿವೆಯೋ ಕಡಲೆಕಾಯಿಯೋ ಆಗುವುದಿಲ್ಲವೆಂದು ವೈದ್ಯರು ಹೇಳಿದ ಮೇಲೆ, ಅಂಗಡಿಯ ಸಾಸುಗಳನ್ನೆಲ್ಲ ಬಿಟ್ಟು ಮನೆಯಲ್ಲೇ ಮಾಡಿಕೊಂಡರೆ ನಿಶ್ಚಿಂತೆಯಲ್ಲವೇ ಎಂಬ ಪ್ರಶ್ನೆಯನ್ನು ನಮ್ಮ ಗುಂಪಿನಲ್ಲಿ ಹಲವರು ಕೇಳಿದ್ದಾರೆ. ಮನೆಯಲ್ಲಿ ಮಾಡಿಕೊಳ್ಳುವುದು ಒಳ್ಳೆಯದೆಂದೇ ನಾನೂ ಹೇಳುತ್ತೇನೆ, ಆದರೆ ಮನೆಯಲ್ಲಿ ಮಾಡಿದ್ದೆಂಬ ಒಂದೇ ಕಾರಣಕ್ಕೆ ಯಾವ ಸಾಸೂ ನಿರಪಾಯವಾಗುವುದಿಲ್ಲ. ಮಯೊನೇಸಿನಿಂದ ಮೊಟ್ಟೆಯನ್ನು ತೆಗೆದವರು ಆ ಜಾಗಕ್ಕೆ ಸೋಯಾ ಹಾಲನ್ನು ತರುತ್ತಾರೆ, ಸೋಯಾ ಬೇಡವೆಂದವರು ಗೋಡಂಬಿಯನ್ನು ರುಬ್ಬುತ್ತಾರೆ, ಗೋಡಂಬಿಯೂ ಆಗದವರು ಎಳ್ಳಿನ ಕಡೆಗೆ ತಿರುಗುತ್ತಾರೆ. ಹೀಗೆ ಒಂದು ಅಲರ್ಜಿಕಾರಕವನ್ನು ಹೊರಗೆ ಕಳಿಸಿ ಇನ್ನೊಂದನ್ನು ಕೈ ಹಿಡಿದು ಒಳಗೆ ಕರೆದುಕೊಂಡಂತಾಗುತ್ತದೆ. ಆದ್ದರಿಂದ ಪಾಕವಿಧಾನವನ್ನು ಹುಡುಕುವ ಮೊದಲು, ತೆಗೆಯಬೇಕಾದ ಪದಾರ್ಥ ಆ ಸಾಸಿನಲ್ಲಿ ಯಾವ ಕೆಲಸಕ್ಕಾಗಿ ಇತ್ತು ಎಂಬುದನ್ನು ಕೇಳಿಕೊಳ್ಳುವುದು ಲೇಸು.

ಅದಕ್ಕೂ ಮುಂಚೆ ಲೇಬಲ್ಲಿನ ವಿಚಾರ ಬರುತ್ತದೆ. ಸಾಸನ್ನು ನಾವೇ ಮಾಡಿದರೂ ಅದಕ್ಕೆ ಬೇಕಾದ ವಿನೆಗರ್, ಎಣ್ಣೆ, ಮಸಾಲೆ ಪುಡಿ, ಟೊಮೇಟೊ ಪೇಸ್ಟ್ ಇವೆಲ್ಲ ಅಂಗಡಿಯಿಂದಲೇ ಬರಬೇಕು, ಮತ್ತು ಅವುಗಳ ಹಿಂದೆ ಮುದ್ರಿಸಿರುವ ಸಣ್ಣ ಅಕ್ಷರಗಳನ್ನು ಓದದೆ ಗತ್ಯಂತರವಿಲ್ಲ. ಉದ್ಯೋಗದ ನಿಮಿತ್ತ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಸಂಸಾರವನ್ನು ಎತ್ತಿಕೊಂಡು ಹೋಗುವ ನಮ್ಮಂಥವರು, ಆ ಅಕ್ಷರಗಳ ಹಿಂದಿನ ನಿಯಮ ಎಲ್ಲೆಡೆಯೂ ಒಂದೇ ಅಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ಐರೋಪ್ಯ ಒಕ್ಕೂಟದಲ್ಲಿಯೂ ಬ್ರಿಟನ್ನಿನಲ್ಲಿಯೂ 14 ಅಲರ್ಜಿಕಾರಕಗಳನ್ನು ಪದಾರ್ಥಗಳ ಪಟ್ಟಿಯಲ್ಲಿ ಎದ್ದು ಕಾಣುವಂತೆ, ಸಾಮಾನ್ಯವಾಗಿ ದಪ್ಪ ಅಕ್ಷರದಲ್ಲಿ, ಮುದ್ರಿಸಬೇಕು. ಸಾಸಿವೆ, ಸೆಲರಿ, ಎಳ್ಳು ಮತ್ತು ನಿಗದಿತ ಪ್ರಮಾಣವನ್ನು ಮೀರಿದ, ಸಂರಕ್ಷಕವಾಗಿ ಬಳಸುವ ಸಲ್ಫೈಟ್ ಆ 14ರಲ್ಲಿ ಸೇರಿವೆ. ಅಮೆರಿಕದ 2004ರ ಕಾನೂನು ಹಾಲು, ಮೊಟ್ಟೆ, ಮೀನು, ಸೀಗಡಿ ಏಡಿಗಳ ಜಾತಿ, ಬಾದಾಮಿ ಗೋಡಂಬಿಯಂಥ ಮರದ ಬೀಜಗಳು, ಕಡಲೆಕಾಯಿ, ಗೋಧಿ ಮತ್ತು ಸೋಯಾ ಎಂದು 8ನ್ನು ಮಾತ್ರ ಹೆಸರಿಸಿತ್ತು, ಎಳ್ಳು 9ನೆಯದಾಗಿ ಕಡ್ಡಾಯವಾದದ್ದು 2023ರ ಜನವರಿ 1ರಿಂದ. ಸಾಸಿವೆ ಅಲ್ಲಿನ ಪಟ್ಟಿಯಲ್ಲಿ ಇಂದಿಗೂ ಇಲ್ಲವಾದ ಕಾರಣ ಅದು 'ಮಸಾಲೆಗಳು' ಎಂಬ ಒಂದೇ ಪದದ ಒಳಗೆ ಅಡಗಿ ಕುಳಿತಿರಬಹುದು. ಪಕ್ಕದ ಕೆನಡಾದಲ್ಲಾದರೋ ಸಾಸಿವೆಯ ಹೆಸರನ್ನು ಹೇಳಲೇಬೇಕು. ಯುರೋಪಿನಲ್ಲಿ ಪಟ್ಟಿಯ ಮೇಲೆ ಕಣ್ಣಾಡಿಸಿ ಸಾಸಿವೆ ಇಲ್ಲವೆಂದು ನಿರ್ಧರಿಸುವ ಅಭ್ಯಾಸವಾದವರು ಅಮೆರಿಕಕ್ಕೆ ಹೋದಾಗ ಅದೇ ಅಭ್ಯಾಸವನ್ನು ನಂಬಿಕೊಂಡಿರಬಾರದು. ಅಲ್ಲಿ ತಯಾರಕರಿಗೇ ಪತ್ರ ಬರೆದು ಕೇಳಬೇಕಾಗುತ್ತದೆ, ಅಥವಾ ಬಿಡಿ ಮಸಾಲೆಯನ್ನು ಇಡಿಯಾಗಿ ತಂದು ಮನೆಯಲ್ಲೇ ಪುಡಿ ಮಾಡಿಕೊಳ್ಳಬೇಕಾಗುತ್ತದೆ.

ಎಳ್ಳಿನ ಕಾನೂನಿನ ಕಥೆ ಇನ್ನೂ ವಿಚಿತ್ರವಾದದ್ದು. ಅದು ಜಾರಿಗೆ ಬಂದಾಗ ಅಮೆರಿಕದ ಕೆಲವು ಬೇಕರಿ ತಯಾರಕರು, ಯಂತ್ರಗಳನ್ನು ಎಳ್ಳಿನ ಸೋಂಕಿಲ್ಲದಂತೆ ತೊಳೆಯುವ ಕಷ್ಟಕ್ಕಿಂತ ಇದು ಸುಲಭವೆಂದು, ಮೊದಲು ಎಳ್ಳಿಲ್ಲದಿದ್ದ ತಿನಿಸುಗಳಿಗೂ ಬೇಕೆಂದೇ ಸ್ವಲ್ಪ ಎಳ್ಳಿನ ಹಿಟ್ಟನ್ನು ಸೇರಿಸಿ ಪಟ್ಟಿಯಲ್ಲಿ ನಮೂದಿಸಿಬಿಟ್ಟರು. ಕಾನೂನಿನ ಅಕ್ಷರ ಪಾಲನೆಯಾಯಿತು, ಮಕ್ಕಳ ಆಯ್ಕೆ ಕಡಿಮೆಯಾಯಿತು. ಹಾಗಾಗಿ ಹೋದ ತಿಂಗಳು ಸರಿಯಿದ್ದ ಬಾಟಲಿ ಈ ತಿಂಗಳೂ ಸರಿಯಿರುತ್ತದೆಂದು ಹೇಳಲು ಬರುವುದಿಲ್ಲ, ಪ್ರತಿ ಸಲವೂ ಓದಬೇಕು. 'ಇಂಥ ಅಲರ್ಜಿಕಾರಕದ ಅಂಶ ಇರಬಹುದು' ಎಂಬ ಎಚ್ಚರಿಕೆಯ ಸಾಲು ಅಮೆರಿಕದಲ್ಲಿಯೂ ಯುರೋಪಿನಲ್ಲಿಯೂ ಬಹುಮಟ್ಟಿಗೆ ತಯಾರಕರ ಇಚ್ಛೆಗೆ ಬಿಟ್ಟದ್ದು, ಆ ಸಾಲು ಇಲ್ಲದಿರುವುದನ್ನೇ ಭರವಸೆಯೆಂದು ತಿಳಿಯುವಂತಿಲ್ಲ.

ಈಗ ಮಯೊನೇಸಿಗೆ ಬರೋಣ, ಏಕೆಂದರೆ ಅತಿ ಹೆಚ್ಚು ಗೊಂದಲವಿರುವುದು ಅಲ್ಲಿಯೇ. ಎಣ್ಣೆ ಮತ್ತು ಹುಳಿನೀರು ತಾವಾಗಿ ಬೆರೆಯುವುದಿಲ್ಲ. ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಮತ್ತು ಪ್ರೋಟೀನುಗಳು ಎಣ್ಣೆಯ ಸಣ್ಣ ಹನಿಗಳನ್ನು ಸುತ್ತುವರಿದು ಅವು ಮತ್ತೆ ಒಂದಾಗದಂತೆ ತಡೆಯುತ್ತವೆ. ಮೊಟ್ಟೆಯನ್ನು ಬಿಟ್ಟರೆ ಆ ಕೆಲಸಕ್ಕೆ ಇನ್ನೊಂದು ಪದಾರ್ಥ ಬೇಕೇ ಬೇಕು. ಸೋಯಾ ಆಗುವವರಿಗೆ ಒಂದು ಭಾಗ ಸಕ್ಕರೆಯಿಲ್ಲದ ಸೋಯಾ ಹಾಲಿಗೆ ಎರಡು ಭಾಗ ಎಣ್ಣೆ ಎಂಬ ಲೆಕ್ಕ ಸಾಕು, ಕೊನೆಯಲ್ಲಿ ನಿಂಬೆರಸ ಬಿದ್ದ ಕೂಡಲೇ ಅದು ಗಟ್ಟಿಯಾಗುತ್ತದೆ. ಸೋಯಾ ಆಗದವರು 2015ರಿಂದ ಅಕ್ವಾಫಾಬಾ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ, ಕಾಬೂಲಿ ಕಡಲೆಯನ್ನು ಬೇಯಿಸಿ ಬಸಿದ ನೀರನ್ನು ಬಳಸಬಹುದು. ಆ ನೀರು ತೆಳ್ಳಗಿದ್ದರೆ ಅದನ್ನು ಮತ್ತೆ ಕುದಿಸಿ, ಬೆರಳಿನ ನಡುವೆ ಜಿಗುಟಾಗಿ ಹಿಡಿಯುವಷ್ಟು ಇಂಗಿಸಿ, ಪೂರ್ತಿ ತಣ್ಣಗಾದ ಮೇಲೆ 60 ಮಿಲಿಲೀಟರಿನಷ್ಟನ್ನು ಕಿರಿದಾದ ಜಾಡಿಯಲ್ಲಿ ಹಾಕಿ, ಒಂದು ಟೇಬಲ್ ಚಮಚ ವಿನೆಗರ್ ಮತ್ತು ಉಪ್ಪು ಸೇರಿಸಿ, ಕೈಯಲ್ಲಿ ಹಿಡಿಯುವ ಬ್ಲೆಂಡರನ್ನು ತಳಕ್ಕೆ ಮುಟ್ಟಿಸಿ ಓಡಿಸುತ್ತ 180 ಮಿಲಿಲೀಟರ್ ಎಣ್ಣೆಯನ್ನು ದಾರದಷ್ಟು ಸಣ್ಣ ಧಾರೆಯಾಗಿ ಇಳಿಸಬೇಕು. ಮೊದಲ ಅರ್ಧದಷ್ಟು ಎಣ್ಣೆ ಹೋಗುವವರೆಗೆ ಅದು ಹಾಲಿನಂತೆಯೇ ಕಾಣುತ್ತದೆ, ಧೈರ್ಯಗೆಡಬಾರದು. ಆಮೇಲೆ ಬ್ಲೆಂಡರಿನ ಸದ್ದು ಭಾರವಾಗುತ್ತದೆ, ಮೇಲ್ಮೈಯಲ್ಲಿ ಗೆರೆಗಳು ನಿಲ್ಲತೊಡಗುತ್ತವೆ. ಬಹುತೇಕ ಪಾಕವಿಧಾನಗಳು ಇದಕ್ಕೆ ಒಂದು ಚಮಚ ಸಾಸಿವೆ ಪೇಸ್ಟನ್ನು ಹಾಕಲು ಹೇಳುವುದು ರುಚಿಗಾಗಿ ಮಾತ್ರವಲ್ಲ, ಸಾಸಿವೆಯ ಸಿಪ್ಪೆಯ ಲೋಳೆಯೂ ಎಣ್ಣೆಯನ್ನು ಹಿಡಿದಿಡುತ್ತದೆ. ಸಾಸಿವೆ ಅಲರ್ಜಿಯಿರುವ ಮನೆಯಲ್ಲಿ ಅದನ್ನು ಬಿಟ್ಟು, ನೀರನ್ನು ಇನ್ನಷ್ಟು ಇಂಗಿಸಿಕೊಂಡರೆ ಸರಿಹೋಗುತ್ತದೆ. ಕಾಬೂಲಿ ಕಡಲೆಯೂ ಕಡಲೆಕಾಯಿಯ ಹಾಗೆ ದ್ವಿದಳ ಜಾತಿಯದೇ ಆದ್ದರಿಂದ, ಕಡಲೆಕಾಯಿ ಆಗದ ಮಗು ಈವರೆಗೆ ಕಾಬೂಲಿ ಕಡಲೆಯನ್ನು ತಿಂದೇ ಇಲ್ಲವಾದರೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಹೆಚ್ಚಿನವರಿಗೆ ತೊಂದರೆಯಾಗದು, ಕೆಲವರಿಗೆ ಆಗುತ್ತದೆ.

ಉಳಿದ ಬಾಟಲಿಗಳಲ್ಲಿ ಅಚ್ಚರಿಗಳು ಚಿಕ್ಕವು, ಆದರೆ ಬಹಳ. ಸೋಯಾ ಸಾಸಿನಲ್ಲಿ ಸೋಯಾದ ಜೊತೆಗೆ ಸಾಮಾನ್ಯವಾಗಿ ಗೋಧಿಯೂ ಇರುತ್ತದೆ. ವೂಸ್ಟರ್ ಸಾಸಿನಲ್ಲಿ ಆಂಚೊವಿ ಎಂಬ ಮೀನಿರುತ್ತದೆ, ಸಸ್ಯಾಹಾರಿಗಳೂ ಮೀನಿನ ಅಲರ್ಜಿಯವರೂ ಇಬ್ಬರೂ ಅದನ್ನು ದೂರವಿಡಬೇಕು. ಮಾಲ್ಟ್ ವಿನೆಗರ್ ಬಾರ್ಲಿಯಿಂದ ಮಾಡಿದ್ದಾದ್ದರಿಂದ, ಗೋಧಿ ಬಾರ್ಲಿಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನನ್ನು ಬಿಟ್ಟವರು ಸೇಬಿನ ವಿನೆಗರನ್ನೋ ಬಿಳಿ ವಿನೆಗರನ್ನೋ ಆರಿಸಿಕೊಳ್ಳುವುದು ಮೇಲು. ಇಂಗಿನ ಪುಡಿಯ ಡಬ್ಬಿಯಲ್ಲಿಯೂ ಇಂಗಿಗಿಂತ ಹೆಚ್ಚಾಗಿ ಗೋಧಿ ಹಿಟ್ಟೇ ಇರುವುದುಂಟು, ಅಕ್ಕಿ ಹಿಟ್ಟಿನಲ್ಲಿ ಬೆರೆಸಿದ್ದೂ ಸಿಗುತ್ತದೆ. ಎಣ್ಣೆಯ ವಿಷಯದಲ್ಲಿ ಒಂದು ಭೇದವಿದೆ: ಪೂರ್ತಿ ಶುದ್ಧೀಕರಿಸಿದ ಕಡಲೆಕಾಯಿ ಅಥವಾ ಸೋಯಾ ಎಣ್ಣೆಯಲ್ಲಿ ಪ್ರೋಟೀನು ಬಹುತೇಕ ಉಳಿದಿರುವುದಿಲ್ಲ, ಅಮೆರಿಕದ ಕಾನೂನು ಅಂಥ ಎಣ್ಣೆಗೆ ವಿನಾಯಿತಿಯನ್ನೂ ಕೊಟ್ಟಿದೆ, ಗಾಣದ ಎಣ್ಣೆಯಲ್ಲಿ ಪ್ರೋಟೀನು ಉಳಿಯುತ್ತದೆ. ಆರೋಗ್ಯಕ್ಕೆ ಒಳ್ಳೆಯದೆಂದು ಗಾಣದ ಎಣ್ಣೆಗೆ ಬದಲಾಗುವವರು ಇದನ್ನು ಗಮನಿಸಬೇಕು.

ಪಥ್ಯ ಮತ್ತು ಅಲರ್ಜಿಯನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಸರಿ ಕಾಣುವುದಿಲ್ಲ. ವೀಗನ್ ಎಂದು ಬರೆದ ಸಾಸಿನಲ್ಲಿ ಹಾಲನ್ನು ಹಾಕಿರುವುದಿಲ್ಲ ನಿಜ, ಆದರೆ ಹಾಲು ಹರಿದ ಯಂತ್ರದಲ್ಲಿಯೇ ಅದು ತಯಾರಾಗಿರಬಹುದು. ತತ್ತ್ವಕ್ಕಾಗಿ ಹಾಲನ್ನು ಬಿಟ್ಟವರಿಗೆ ಆ ಅಂಶ ಲೆಕ್ಕಕ್ಕಿಲ್ಲ, ಹಾಲಿನ ಅಲರ್ಜಿಯ ಮಗುವಿಗೆ ಅದೇ ಆಪತ್ತು. ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯನ್ನು ತೆಗೆದ ಹಾಲು ಹೊಟ್ಟೆಯುಬ್ಬರದವರಿಗೆ ಸಾಕು, ಹಾಲಿನ ಪ್ರೋಟೀನು ಅದರಲ್ಲಿ ಹಾಗೆಯೇ ಇರುವುದರಿಂದ ಅಲರ್ಜಿಯವರಿಗೆ ಅದು ಹಾಲೇ. ಗ್ಲುಟೆನ್ನಿನಿಂದ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆಯವರಿಗಾಗಿ 'ಗ್ಲುಟೆನ್ ರಹಿತ' ಎಂದು ಬರೆಯಲು ಅಮೆರಿಕದಲ್ಲಿಯೂ ಯುರೋಪಿನಲ್ಲಿಯೂ ಒಂದು ಕಿಲೋಗ್ರಾಂಗೆ 20 ಮಿಲಿಗ್ರಾಂ ಎಂಬ ಮಿತಿಯಿದೆ. ಅಜ್ಜ ಅಜ್ಜಿಯರ ಪಥ್ಯಕ್ಕೆಂದು ಉಪ್ಪಿನ ಬದಲು ಪೊಟ್ಯಾಸಿಯಮ್ ಉಪ್ಪನ್ನು ಬಳಸುವ ಮನೆಗಳಲ್ಲಿ, ಮೂತ್ರಪಿಂಡದ ತೊಂದರೆಯವರಿಗೆ ಅದು ಅಪಾಯವೆಂಬುದನ್ನೂ ಹೇಳಿಬಿಡುತ್ತೇನೆ.

ಅಂಗಡಿಯ ಬಾಟಲಿ ತಿಂಗಳುಗಟ್ಟಲೆ ಕೆಡದಿರುವುದು ಅದರ ಹುಳಿ, ಸಕ್ಕರೆ, ಉಪ್ಪು ಮತ್ತು ಸಂರಕ್ಷಕಗಳಿಂದ. ನಾವು ಸಕ್ಕರೆಯನ್ನು ಇಳಿಸಿ, ಉಪ್ಪನ್ನು ಇಳಿಸಿ, ಸಲ್ಫೈಟನ್ನು ಬಿಟ್ಟು ಕೆಚಪ್ ಮಾಡಿದರೆ ಅದು ಬೇಗ ಬೂಸು ಹಿಡಿಯುವುದು ಸಹಜವೇ ಆಗಿದೆ. ಒಂದು ವಾರಕ್ಕೆ ಬೇಕಾದಷ್ಟನ್ನು ಫ್ರಿಜ್ಜಿನಲ್ಲಿಟ್ಟು, ಉಳಿದದ್ದನ್ನು ಐಸ್ ಟ್ರೇಯಲ್ಲಿ ಘನಗಳಾಗಿ ಹೆಪ್ಪುಗಟ್ಟಿಸುವುದು ನನಗೆ ಒಪ್ಪಿಗೆಯಾದ ಕ್ರಮ. ಬೂಸು ಕಣ್ಣಿಗೆ ಬೀಳುತ್ತದೆ, ಬಾಟ್ಯುಲಿಸಮ್ ಎಂಬ ಮಾರಕವಾಗಬಲ್ಲ ಆಹಾರ ವಿಷಬಾಧೆಯ ಸುಳಿವು ಬೀಳುವುದಿಲ್ಲ. ಹುಳಿಯ ಅಳತೆಯಾದ ಪಿಎಚ್ 4.6ಕ್ಕಿಂತ ಹೆಚ್ಚಿರುವ, ಅಂದರೆ ಹುಳಿ ಸಾಲದ, ಗಾಳಿಯಾಡದ ಆಹಾರದಲ್ಲಿ ಅದರ ಬ್ಯಾಕ್ಟೀರಿಯಾ ಬೆಳೆದು ವಿಷವನ್ನು ಉಂಟುಮಾಡಬಲ್ಲದು, ಹಾಗಾಗಿ ಮಗುವಿಗೆ ಹುಳಿ ಹೆಚ್ಚೆಂದು ವಿನೆಗರನ್ನು ಕಡಿತಗೊಳಿಸಿದ ಸಾಸನ್ನು ಸೀಸೆಯಲ್ಲಿ ಮುಚ್ಚಿ ಹೊರಗೆ ಇಡಕೂಡದು. ಎಣ್ಣೆಯಲ್ಲಿ ಮುಳುಗಿಸಿದ ಹಸಿ ಬೆಳ್ಳುಳ್ಳಿಯಂತೂ ಇದಕ್ಕೆ ಹೇಳಿ ಮಾಡಿಸಿದ ಜಾಗ. ಅದನ್ನು ಫ್ರಿಜ್ಜಿನಲ್ಲಿಯೇ ಇಟ್ಟು 4 ದಿನಗಳೊಳಗೆ ಮುಗಿಸಬೇಕು. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ಹಾಕಿದ ಯಾವ ಸಾಸೂ ಬೇಡವೆನ್ನುವುದೂ ಬಾಟ್ಯುಲಿಸಮ್ಮಿನ ಕಾರಣಕ್ಕೇ.

ಪಾತ್ರೆಗಳ ಬಗ್ಗೆ ನಮ್ಮಲ್ಲಿ ಚರ್ಚೆ ಕಡಿಮೆ. ಮನೆಯ ಇತರರು ಕಡಲೆಕಾಯಿಯನ್ನು ತಿನ್ನುತ್ತಾರೆಂದಾದರೆ ಮಿಕ್ಸಿಯ ಮುಚ್ಚಳದ ರಬ್ಬರ್ ಉಂಗುರವನ್ನು ಒಮ್ಮೆ ಬಿಡಿಸಿ ನೋಡಿ. ಹೊರಗೆ ಫಳಫಳ ಹೊಳೆಯುವ ಜಾರಿನಲ್ಲಿಯೂ ಆ ಸಂದಿಯೊಳಗೆ ಮತ್ತು ಬ್ಲೇಡಿನ ಬುಡದಲ್ಲಿ ಹಿಂದಿನ ರುಬ್ಬಿನ ಪುಡಿ ಒಣಗಿ ಕುಳಿತಿರುತ್ತದೆ. ಮರದ ಸೌಟು, ಬಿರುಕುಬಿಟ್ಟ ಕತ್ತರಿಸುವ ಹಲಗೆ, ಜರಡಿ ಇವುಗಳನ್ನು ಪೂರ್ತಿ ತೊಳೆಯುವುದು ಕಷ್ಟ, ಬೇರೆಯದನ್ನೇ ಇಟ್ಟುಕೊಳ್ಳುವುದು ಸುಲಭ. ಕೈಗೆ ಹಚ್ಚುವ ಸ್ಯಾನಿಟೈಸರ್ ಕ್ರಿಮಿಗಳನ್ನು ಕೊಲ್ಲುತ್ತದೆಯೇ ಹೊರತು ಕಡಲೆಕಾಯಿಯ ಪ್ರೋಟೀನನ್ನು ತೆಗೆಯುವುದಿಲ್ಲ, ಅದಕ್ಕೆ ಸೋಪು ಮತ್ತು ನೀರೇ ಬೇಕು.

ಇಷ್ಟೆಲ್ಲ ಎಚ್ಚರಿಕೆಯನ್ನು ಓದಿ, ಯಾವುದಕ್ಕೂ ಇರಲಿ ಎಂದು ಪರೀಕ್ಷೆ ಮಾಡಿಸದೆಯೇ ಮಗುವಿನಿಂದ ಎಲ್ಲವನ್ನೂ ದೂರವಿಡುವ ತಂದೆತಾಯಿಯರಿಗೆ ನನ್ನ ಬಲವಾದ ಆಕ್ಷೇಪವಿದೆ. ಲಂಡನ್ನಿನಲ್ಲಿ 640 ಶಿಶುಗಳನ್ನು ಐದು ವರ್ಷದ ವಯಸ್ಸಿನವರೆಗೆ ಗಮನಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದ ಲೀಪ್ ಅಧ್ಯಯನದಲ್ಲಿ, ಅಲರ್ಜಿಯ ಸಂಭವ ಹೆಚ್ಚಿದ್ದ ಶಿಶುಗಳಿಗೆ ಮೊದಲ ವರ್ಷದಲ್ಲಿಯೇ ಕಡಲೆಕಾಯಿಯನ್ನು ಕೊಡಲಾರಂಭಿಸಿದಾಗ, ದೂರವಿಟ್ಟವರಿಗಿಂತ ಅವರಲ್ಲಿ ಕಡಲೆಕಾಯಿ ಅಲರ್ಜಿ ಬಹಳ ಕಡಿಮೆ ಕಂಡುಬಂದಿತು. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬುದನ್ನು ಅಲರ್ಜಿ ತಜ್ಞರು ನಿರ್ಧರಿಸಲಿ. ತೀವ್ರ ಅಲರ್ಜಿಯಾದಾಗ ತುರ್ತಾಗಿ ಕೊಡುವ ಅಡ್ರಿನಲಿನ್ ಚುಚ್ಚುಮದ್ದನ್ನು ವೈದ್ಯರು ಬರೆದುಕೊಟ್ಟಿದ್ದರೆ, ಸಾಸು ಮನೆಯದಾದರೂ ಅದು ಮಗುವಿನ ಜೊತೆಯಲ್ಲೇ ಇರಬೇಕು.

ಶಾಲೆಯ ಡಬ್ಬಿಗೆ ಕಡಲೆಕಾಯಿ ಬೆಣ್ಣೆಯ ಬದಲು ಸೂರ್ಯಕಾಂತಿ ಬೀಜದ ಬೆಣ್ಣೆ ನಮ್ಮ ಮನೆಯಲ್ಲಿ ನೆಲೆಯೂರಿದೆ. ಸಿಪ್ಪೆ ತೆಗೆದ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಬಿಸಿಯಾಗಿರುವಾಗಲೇ ಮಿಕ್ಸಿಗೆ ಹಾಕಿ, ನಡುನಡುವೆ ನಿಲ್ಲಿಸಿ ಗೋಡೆಯನ್ನು ಕೆರೆದುಕೊಳ್ಳುತ್ತ ರುಬ್ಬಿದರೆ, ಮೊದಲು ಪುಡಿಯಾಗಿ, ಆಮೇಲೆ ಮುದ್ದೆಯಾಗಿ, ಕೊನೆಗೆ ತನ್ನದೇ ಎಣ್ಣೆಯಲ್ಲಿ ಸಡಿಲವಾಗುತ್ತದೆ. ಎಳ್ಳಿನ ತಹಿನಿ ಬೇಕಾದ ಕಡೆಗೂ ನಿಂಬೆರಸದೊಂದಿಗೆ ಇದು ಒದಗುತ್ತದೆ. ಅಡುಗೆ ಸೋಡಾ ಹಾಕಿದ ಬಿಸ್ಕತ್ತಿಗೆ ಬೆರೆಸಿದರೆ ಅದು ಒಳಗೆ ಹಸಿರಾಗುತ್ತದೆ. ಬೀಜದ ಕ್ಲೋರೊಜೆನಿಕ್ ಆಮ್ಲ ಕ್ಷಾರದೊಡನೆ ವರ್ತಿಸುವುದೇ ಕಾರಣ, ತಿನ್ನಲು ತೊಂದರೆಯಿಲ್ಲ, ಸ್ವಲ್ಪ ನಿಂಬೆರಸ ಹಾಕಿದರೆ ಆ ಬಣ್ಣವೂ ಬರುವುದಿಲ್ಲ. ನೋಡಲು ಇದು ಕಡಲೆಕಾಯಿ ಬೆಣ್ಣೆಯಂತೆಯೇ ಇರುವುದರಿಂದ, ಕಡಲೆಕಾಯಿಯನ್ನು ನಿಷೇಧಿಸಿರುವ ಶಾಲೆಯಲ್ಲಿ ಶಿಕ್ಷಕರು ಡಬ್ಬಿಯನ್ನು ಎತ್ತಿಡುವುದುಂಟು. ಆದ್ದರಿಂದ ಶಾಲೆಗೆ ಮೊದಲೇ ತಿಳಿಸಿ, ಡಬ್ಬಿಯ ಮುಚ್ಚಳದ ಮೇಲೆ ಮಾಡಿದ ದಿನಾಂಕವನ್ನೂ ಒಳಗಿರುವ ಪ್ರತಿಯೊಂದು ಪದಾರ್ಥದ ಹೆಸರನ್ನೂ ಆ ಊರಿನ ಭಾಷೆಯಲ್ಲಿ ಬರೆದು ಅಂಟಿಸಿ. ಓದಲು ಕಲಿತ ಮಗುವಿದ್ದರೆ ಆ ಚೀಟಿಯನ್ನು ಮಗುವಿನ ಕೈಯಿಂದಲೇ ಬರೆಸಿ.