ಸಹಾಯ ಬೇಕು: ಎಣ್ಣೆ-ನೀರಿನ ಅಮೂರ್ತ ಫೋಟೋದಲ್ಲಿ ಬಣ್ಣ ಪಟ್ಟೆ ಪಟ್ಟೆಯಾಗ್ತಿದೆ

ಗೆಳೆಯರೇ, ಗಾಜಿನ ಬಟ್ಟಲಲ್ಲಿ ನೀರು, ಒಂದು ಚಮಚ ಅಡುಗೆ ಎಣ್ಣೆ, ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ತೊಟ್ಟು, 20 ಸೆಂ.ಮೀ. ಕೆಳಗೆ ನೀಲಿ-ಕಿತ್ತಳೆ ಕಾಗದ. 100 ಎಂಎಂ ಮ್ಯಾಕ್ರೋ ಲೆನ್ಸ್, ಎಫ್/8, ಐಎಸ್‌ಒ 100, 14 ಬಿಟ್ ರಾ (ಕ್ಯಾಮೆರಾದ ಮೂಲ ಫೈಲ್). ಫೋಟೋಶಾಪ್‌ನಲ್ಲಿ ಫೈಲ್ 8 ಬಿಟ್‌ನಲ್ಲಿ ತೆರೆದಿತ್ತು. ಕರ್ವ್ಸ್ (ಬೆಳಕು-ಬಣ್ಣ ಹೊಂದಿಸೋ ಗೆರೆ) ಎಳೆದ ಕೂಡಲೇ ಹಿನ್ನೆಲೆಯ ನೀಲಿಯಲ್ಲಿ ಮೆಟ್ಟಿಲು ಮೆಟ್ಟಿಲು.

ಕಾರಣ ಗೊತ್ತು. 8 ಬಿಟ್‌ನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದು ಚಾನೆಲ್‌ಗೆ 256 ಹಂತ ಅಷ್ಟೇ. 6000 ಪಿಕ್ಸೆಲ್ ಅಗಲದಲ್ಲಿ ನೀಲಿ ಬರೀ 40 ಹಂತ ಬದಲಾದರೆ ಒಂದೊಂದು ಪಟ್ಟೆ 150 ಪಿಕ್ಸೆಲ್, ಕಣ್ಣಿಗೆ ರಾಚುತ್ತೆ. ರಾ ಫೈಲಿಂದಲೇ 16 ಬಿಟ್‌ನಲ್ಲಿ ಮತ್ತೆ ಎಡಿಟ್ ಮಾಡಿದ ಮೇಲೆ ಬಹಳ ಕಡಿಮೆಯಾಯ್ತು. 8 ಬಿಟ್ ಫೈಲನ್ನೇ 16ಕ್ಕೆ ಏರಿಸಿದರೆ ಕಳೆದ ಹಂತಗಳು ವಾಪಸ್ ಬರಲ್ಲ.

ಉಳಿದಿರೋದು ಪ್ರಿಂಟ್. ಲ್ಯಾಬ್‌ನವರು 8 ಬಿಟ್ ಎಸ್‌ಆರ್‌ಜಿಬಿ (ಸಾಮಾನ್ಯವಾಗಿ ಬಳಸೋ ಬಣ್ಣದ ವ್ಯಾಪ್ತಿ) ಜೆಪೆಗ್ ಮಾತ್ರ ತಗೊಳ್ತಾರೆ, ಪಟ್ಟೆ ಮತ್ತೆ ಕಾಣಿಸ್ಕೊಳ್ಳುತ್ತೆ. 1% ಮೊನೊಕ್ರೊಮ್ಯಾಟಿಕ್ ಗಾಸಿಯನ್ ನಾಯ್ಸ್ (ಬಣ್ಣವಿಲ್ಲದ ಸಣ್ಣ ಸಣ್ಣ ಚುಕ್ಕೆ) ಹಾಕಿದರೆ ಪಟ್ಟೆ ಒಡೆಯುತ್ತೆ, ಆದರೆ ಎಣ್ಣೆ ಹನಿಯ ಅಂಚು ಮರಳು ಮರಳಾಗುತ್ತೆ. ಆ ಅಂಚೇ ಚಿತ್ರದ ಜೀವ. ಬಣ್ಣ ಎಷ್ಟಾದರೂ ಬದಲಿಸಬಹುದು, ಬೆಳಕು ಬರೆದ ಗೆರೆ ಕೆಡಬಾರದು.

ನಾಯ್ಸನ್ನು ಮಾಸ್ಕ್ ಮಾಡಿ (ಹನಿಗಳಿಗೆ ತಾಗದ ಹಾಗೆ ಮರೆಮಾಡಿ) ಹಿನ್ನೆಲೆಗಷ್ಟೇ ಕೊಡಬೇಕಾ? 30×20 ಇಂಚಿಗೆ ಅಳತೆ ಬದಲಿಸಿ, ಶಾರ್ಪನ್ ಮಾಡಿದ ಮೇಲೆ ಹಾಕೋದಾ, ಮೊದಲೇನಾ? ಮ್ಯಾಟ್ ಪೇಪರ್‌ಗೆ ಎಷ್ಟು ಸಾಕು? ಪ್ರಿಂಟ್ ಮಾಡಿಸಿ ನೋಡಿದವರು ದಯವಿಟ್ಟು ಹೇಳಿ.