ಫಿಯಟ್ 1100 ಡಿಲೈಟ್: ಮುಂದೆ ತಗ್ಗಿಸಿದ ಮೇಲೆ ಟಕ್ ಸದ್ದು, ಎಡಕ್ಕೆ ಎಳೆತ. ದಯವಿಟ್ಟು ಸಹಾಯ ಮಾಡಿ

ಡಿಲೈಟ್_ಪ್ರಿಯ
ಎಲ್ಲರಿಗೂ ನಮಸ್ಕಾರ. ಗಾಡಿಯ ಮುಂದಿನ ಸಸ್ಪೆನ್ಷನ್ ತಗ್ಗಿಸಿಸಿದೆ. ನೋಡೋಕೆ ಸೂಪರ್ ಆಗಿದೆ. ಆದರೆ ಚಿಕ್ಕ ಹಂಪ್ ಸಿಕ್ಕರೂ ಮುಂದೆ ಟಕ್ ಅಂತ ಹೊಡೆಯುತ್ತದೆ. ಸ್ಪೀಡ್ 50 ದಾಟಿದರೆ ಸ್ಟೀರಿಂಗ್ ಎಡಕ್ಕೆ ಎಳೆಯುತ್ತದೆ. ಶಾಕ್ ಅಬ್ಸಾರ್ಬರ್ ಹೊಸದು. ಅಲೈನ್‌ಮೆಂಟ್ ಅಂಗಡಿಯವರು ಈ ಗಾಡಿಯ ಲೆಕ್ಕ ಮೆಷಿನ್‌ನಲ್ಲೇ ಇಲ್ಲ ಅಂತ ವಾಪಸ್ ಕಳಿಸಿದರು. ತಲೆ ಕೆಟ್ಟುಹೋಗಿದೆ.

ಗ್ರೀಸ್‌ಗನ್
ಕಿಂಗ್ ಪಿನ್, ಅಂದರೆ ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಗೂಟ. ಬೇರೆ ಏನೂ ನೋಡಬೇಡಿ. ಜಾಕ್ ಹಾಕಿ, ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ (ಸಡಿಲ) ಇದ್ದರೆ ಒಬ್ಬರಿಗೆ ಬ್ರೇಕ್ ಒತ್ತೋಕೆ ಹೇಳಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್.

ಡಿಲೈಟ್_ಪ್ರಿಯ
ನೋಡಿದೆ ಸಾರ್. ಆಟವೇ ಇಲ್ಲ. ಕಿಂಗ್ ಪಿನ್, ಅದು ಕೂರುವ ಬುಷ್ ಎರಡೂ ಹೋದ ವರ್ಷ ಹಾಕಿಸಿದ್ದು.

ಗ್ರೀಸ್‌ಗನ್
ಎಲ್ಲಿಯ ಬುಷ್? ರೀಮರ್ (ತೂತನ್ನು ಅಳತೆಗೆ ಹೆರೆಯುವ ಉಪಕರಣ) ಸರಿಯಾಗಿ ಹಾಕದೆ ಕೂರಿಸಿದ್ದರೆ ಟೈಟಾಗಿ ಸ್ಟೀರಿಂಗ್ ವಾಪಸ್ ಬರುವುದಿಲ್ಲ. ಈಗಿನ ಹುಡುಗರಿಗೆ ರೀಮರ್ ಹಿಡಿಯೋಕೇ ಬರುವುದಿಲ್ಲ. ನಾನು ಹೇಳಿದ್ದು ಕಿಂಗ್ ಪಿನ್ನೇ.

ತುಮಕೂರು_ಪದ್ಮಿನಿ
ಒಂದು ನಿಮಿಷ ಗುರುಗಳೇ. ಪ್ರಿಯ ಅವರೇ, ತಗ್ಗಿಸಿದ್ದು ಹೇಗೆ? ಕಟ್ ಮಾಡಿದ್ದಾ, ಬೇರೆ ಸ್ಪ್ರಿಂಗಾ? ಎಷ್ಟು ಇಂಚು? ಟೈರ್ ಸೈಜ್ ಏನು? ಇದು ಹೇಳದೆ ಇಲ್ಲಿ ಯಾರಾದರೂ ಹೇಗೆ ಊಹಿಸುವುದು?

ಡಿಲೈಟ್_ಪ್ರಿಯ
ಎಲ್ಲರೂ ಮಾಡೋ ಹಾಗೇ ಸಾರ್. ಎರಡಿಂಚು ಅಂತ ಹೇಳಿದ್ದೆ, ಮೂರೂವರೆ ಇಳಿದಿದೆ. ಅದೇ ಚೆನ್ನಾಗಿದೆ.

ತುಮಕೂರು_ಪದ್ಮಿನಿ
ಎಲ್ಲರೂ ಅಂದರೆ ಯಾರು? ಗ್ಯಾಸ್ ಕಟರ್ ಬೆಂಕಿಯಾ?

ಡಿಲೈಟ್_ಪ್ರಿಯ
ಹೌದು. ಸ್ಪ್ರಿಂಗ್ ಬಿಚ್ಚದೇ ಬಿಸಿ ಮಾಡಿದರು. ಹತ್ತು ನಿಮಿಷದ ಕೆಲಸ. ಅದರಲ್ಲೇನಿದೆ?

ಹಳೇಗಾಡಿ_ವಕೀಲ
ಮೊದಲನೆಯದಾಗಿ ಇದು 1970ರ ಗಾಡಿ ಅಲ್ವಾ? 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ರಿಜಿಸ್ಟ್ರೇಷನ್, ವಿಎ (VA) ಅಕ್ಷರದ ನಂಬರ್ ಪ್ಲೇಟ್ ಸಿಗುತ್ತದೆ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಈ ಸ್ಥಿತಿಯಲ್ಲಿ ಕೊಂಡೊಯ್ದರೆ ಏನು ಹೇಳುತ್ತೀರಿ?

ಡಿಲೈಟ್_ಪ್ರಿಯ
ವಿಎ ಪ್ಲೇಟ್ ಹಾಕಿದರೆ ದಿನಾ ಆಫೀಸಿಗೆ ಓಡಿಸೋ ಹಾಗಿಲ್ಲ. ನನಗೆ ಬೇಡ.

ಗ್ರೀಸ್‌ಗನ್
ಕ್ಲಬ್ ಲೆಕ್ಕದಲ್ಲಿ 1970ರದ್ದು ವಿಂಟೇಜೇ ಅಲ್ಲ. ವಿಂಟೇಜ್ ಅಂದರೆ 1930ರವರೆಗಿನದು. ಇದು ಕ್ಲಾಸಿಕ್.

ಹಳೇಗಾಡಿ_ವಕೀಲ
ನಾನು ಸರ್ಕಾರದ ನಿಯಮ ಹೇಳುತ್ತಿದ್ದೇನೆ, ಕ್ಲಬ್ಬಿನದ್ದಲ್ಲ.

ತುಮಕೂರು_ಪದ್ಮಿನಿ
ಇಬ್ಬರೂ ಬೇರೆ ಕಡೆ ಜಗಳ ಆಡಿ, ಪ್ಲೀಸ್. ಪ್ರಿಯ ಅವರೇ, ಗಾಡಿ ಇವತ್ತೇ ನಿಲ್ಲಿಸಿ. ಇದು ಕಿಂಗ್ ಪಿನ್ ಅಲ್ಲ.

ಸ್ಪ್ರಿಂಗ್ ಉಕ್ಕಿಗೆ ಗಟ್ಟಿತನ ಬರುವುದೇ ಕಾಯಿಸಿ ತಣಿಸುವ ಕ್ರಮದಿಂದ. ಬೆಂಕಿ ತಗಲಿದ ಸುತ್ತುಗಳಲ್ಲಿ ಅದು ಹೋಯಿತು. ಅಲ್ಲಿ ಸ್ಪ್ರಿಂಗ್ ಇನ್ನೂ ಕುಸಿಯುತ್ತದೆ. ಒಂದು ದಿನ ತುಂಡಾದರೂ ಆಗಬಹುದು. ಎಡಕ್ಕೂ ಬಲಕ್ಕೂ ಒಂದೇ ಬಿಸಿ ಬೀಳುವುದು ಸಾಧ್ಯವೇ ಇಲ್ಲ. ಎಡಕ್ಕೆ ಎಳೆಯೋಕೆ ಅದೂ ಕಾರಣ ಇರಬಹುದು. ಅಳೆದು ನೋಡಿ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಎರಡೂ ಕಡೆ ಟೇಪ್ ಹಿಡಿಯಿರಿ.

ಟಕ್ ಸದ್ದು ಬಂಪ್ ಸ್ಟಾಪ್‌ನದು, ಅಂದರೆ ಆರ್ಮ್ (ಚಕ್ರ ಹಿಡಿದ ತೋಳು) ಮೇಲೆ ಬಂದಾಗ ತಡೆಯುವ ರಬ್ಬರ್. ಟಾರ್ಚ್ ಬಿಟ್ಟು ನೋಡಿ, ಆರ್ಮ್‌ಗೂ ರಬ್ಬರಿಗೂ ಮಧ್ಯೆ ಜಾಗವೇ ಇರುವುದಿಲ್ಲ. ಮೂರೂವರೆ ಇಂಚು ಇಳಿಸಿದರೆ ಸ್ಪ್ರಿಂಗ್‌ಗೆ ಕೆಲಸ ಮಾಡೋಕೆ ಎಲ್ಲಿದೆ ಜಾಗ? ಈ ಗಾಡಿಯಲ್ಲಿ ಸ್ಪ್ರಿಂಗ್ ಕೂರುವುದು ಆರ್ಮ್‌ನ ನಡುವಲ್ಲಿ, ಚಕ್ರ ಇರುವುದು ಕೊನೆಯಲ್ಲಿ. ಸ್ಪ್ರಿಂಗ್ ಒಂದು ಇಂಚು ಕುಗ್ಗಿದರೆ ಚಕ್ರದಲ್ಲಿ ಹತ್ತಿರ ಎರಡಿಂಚು ಇಳಿಯುತ್ತದೆ. ತುಂಬಾ ಜನ ಎಡವುವುದು ಇಲ್ಲೇ. ಜೊತೆಗೆ ಟೈ ರಾಡ್ (ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಸಲಾಕೆ) ಕೋನ ಬದಲಾಗಿ ಹಂಪ್‌ನಲ್ಲಿ ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ತಾನಾಗೇ ಬದಲಾಗುತ್ತಿರುತ್ತದೆ.

ಬಿಚ್ಚುವ ಮೊದಲು ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಚಾಸಿಸ್‌ ಅಡಿ ಎರಡು ಸ್ಟ್ಯಾಂಡ್ ಇಡಿ. ಬರೀ ಜಾಕ್ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ಹೋಗಬೇಡಿ. ಸ್ಪ್ರಿಂಗ್ ಕಂಪ್ರೆಸರ್ ಹಾಕಿ, ಮೇಲೆ ಒಂದು ಚೈನ್ ಕಟ್ಟಿ. ಕೆಳಗಿನ ಆರ್ಮ್‌ನ ಅಡಿ ಜಾಕ್ ಕೊಟ್ಟು, ಶಾಕ್ ಬಿಚ್ಚಿ, ಆಮೇಲೆ ಜಾಕನ್ನು ನಿಧಾನವಾಗಿ ಇಳಿಸಿ. ಒತ್ತಿದ ಸ್ಪ್ರಿಂಗ್ ಹಾರಿದರೆ ಕೈ ಮುರಿಯುತ್ತದೆ, ತಲೆಗೆ ಬಿದ್ದರೆ ಕೇಳೋದೇ ಬೇಡ. ಈ ಹಂತದಲ್ಲಿ ಮುಖ ಅದರ ನೇರದಲ್ಲಿ ಇಡಬೇಡಿ.

ಮತ್ತೆ ತಗ್ಗಿಸಲೇಬೇಕು ಅಂದರೆ ಒಂದು ಜೊತೆ ಒಳ್ಳೆ ಸ್ಪ್ರಿಂಗ್ ತಂದು ಅರ್ಧ ಸುತ್ತಿನಿಂದ ಶುರು ಮಾಡಿ, ಎರಡರಲ್ಲೂ ಒಂದೇ ಅಳತೆ. ಗ್ರೈಂಡರ್ ಡಿಸ್ಕ್‌ನಿಂದ ಕತ್ತರಿಸಿ, ನೀರು ಹಾಕುತ್ತಾ ಇರಿ. ಎಂಟು ಸುತ್ತು ಕೆಲಸ ಮಾಡುವ ಸ್ಪ್ರಿಂಗ್‌ನಲ್ಲಿ ಒಂದು ತೆಗೆದರೆ ಬಿಗಿ 14 ಶೇಕಡಾ ಹೆಚ್ಚುತ್ತದೆ. ಸವಾರಿ ಗಟ್ಟಿಯಾಗುತ್ತದೆ, ಅದು ಗೊತ್ತಿರಲಿ. ಗಾಡಿ ಇಳಿಸಿದ ಮೇಲೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಬ್ರೇಕ್ ಹೋಸ್ ಎಲ್ಲಾದರೂ ಉಜ್ಜುತ್ತಿದೆಯಾ ನೋಡಿ.

ಅಲಾಯ್_ಅಣ್ಣ
ನಂದು ಪದ್ಮಿನಿ (ಇದೇ 1100ರ ಮುಂದಿನ ಮಾಡೆಲ್), 13 ಇಂಚಿನ ಅಲಾಯ್, 175 ಟೈರ್, ಐದು ಗೇರ್, ಮುಂದೆ ಡಿಸ್ಕ್. ತಗ್ಗಿಸಿ ಊಟಿಗೆ ಹೋಗಿ ಬಂದಿದ್ದೇನೆ. ಒಂದು ಸದ್ದಿಲ್ಲ. ಫೋಟೋ ಹಾಕ್ತೀನಿ, ಸುಮ್ನೆ ನೋಡಿ.

ಗ್ರೀಸ್‌ಗನ್
5.20-14 ಟೈರ್ (14 ಇಂಚಿನ ಚಕ್ರ) ಇದ್ದ ಗಾಡಿಗೆ 13 ಯಾಕಪ್ಪಾ?

ಅಲಾಯ್_ಅಣ್ಣ
ಲುಕ್ ಸಾರ್.

ಡಿಲೈಟ್_ಪ್ರಿಯ
ಅಳೆದೆ. ಎಡಗಡೆ ಬಲಕ್ಕಿಂತ 14 ಮಿಮೀ ಕೆಳಗೆ. ಬಂಪ್ ರಬ್ಬರ್ ಎಡಗಡೆ ಆಗಲೇ ಹರಿದಿದೆ. ಟೈರ್ 165, ಹೇಳೋದು ಬೇಕು ಅನ್ನಿಸಿರಲಿಲ್ಲ. ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ ಒಂದು ಜೊತೆ ಸ್ಪ್ರಿಂಗ್ ಸಿಗುತ್ತದಾ? ಪದ್ಮಿನಿಯದ್ದು ಹಿಡಿಸುತ್ತದಾ?

ತುಮಕೂರು_ಪದ್ಮಿನಿ
ಹಳೆಯದನ್ನು ಜೊತೆಗೆ ಒಯ್ಯಿರಿ. ತಂತಿ ದಪ್ಪ, ಒಳ ಸುತ್ತಳತೆ ತಾಳೆ ನೋಡಿ. ಎತ್ತರವನ್ನು ಮಾತ್ರ ನಿಮ್ಮ ಸ್ಪ್ರಿಂಗ್‌ಗೆ ಹೋಲಿಸಬೇಡಿ, ಅದು ಈಗ ಸುಟ್ಟಿದೆ.

ಗ್ರೀಸ್‌ಗನ್
ಬಿಚ್ಚುವಾಗ ಕಿಂಗ್ ಪಿನ್ ಕೂಡ ನೋಡಿಬಿಡಿ.