ಲೈವ್ ಪ್ರೋಗ್ರೆಸ್ಸಿವ್ ರಾಕ್ ಶೋದ 5.1 ಮಿಕ್ಸ್: ಹಿಂದಿನ ಸ್ಪೀಕರಿಗೆ ಏನು ಕೊಡೋದು?

ಕೇಳಿದವರು

ಒಂದು ಪ್ರೋಗ್ರೆಸ್ಸಿವ್ ರಾಕ್ ಬ್ಯಾಂಡಿನ ಲೈವ್ ಶೋದ ಮಲ್ಟಿಟ್ರ್ಯಾಕ್ (ಒಂದೊಂದು ಮೈಕು, ವಾದ್ಯದ ಬಿಡಿ ರೆಕಾರ್ಡಿಂಗ್) ನನ್ನ ಕೈಗೆ ಬಂದಿದೆ. ಸ್ಟೀರಿಯೊ ಮಿಕ್ಸ್ ಮುಗಿದಿದೆ, ಬ್ಯಾಂಡಿನವರಿಗೂ ಒಪ್ಪಿಗೆಯಾಗಿದೆ. ಈಗ 5.1 ಬೇಕಂತೆ, ಅಂದರೆ ಮುಂದೆ ಮೂರು, ಹಿಂದೆ ಎರಡು ಸ್ಪೀಕರು, ಜೊತೆಗೆ ತಗ್ಗು ಸದ್ದಿಗೊಂದು ಚಾನೆಲ್. ಜನರ ಗದ್ದಲಕ್ಕೆ ಅಂತ ಇಟ್ಟ ಮೈಕು ನಾಲ್ಕಿವೆ. ಎರಡು ವೇದಿಕೆಯ ಅಂಚಿನಲ್ಲಿ ಜನರ ಕಡೆ ಮುಖ ಮಾಡಿವೆ, ಇನ್ನೆರಡು ಹಿಂದೆ ಮಿಕ್ಸಿಂಗ್ ಡೆಸ್ಕಿನ ಹತ್ತಿರ. ನಾಲ್ಕನ್ನೂ ಹಿಂದಿನ ಸ್ಪೀಕರಿಗೆ ಹಾಕಿದರೆ ಸ್ನೇರ್ ಡ್ರಮ್ಮಿನ ಪೆಟ್ಟು ಎರಡೆರಡು ಸಲ ಕೇಳುತ್ತೆ. ತೆಗೆದರೆ ಪೂರ್ತಿ ಸಪ್ಪೆ. ಕೀಬೋರ್ಡನ್ನು ಹಿಂದೆ ಹಾಕಿ ನೋಡಿದೆ, ಚೆನ್ನಾಗಿತ್ತು. ಎರಡನೇ ಗಿಟಾರನ್ನೂ ಹಾಕಿದ ತಕ್ಷಣ ಡ್ರಮ್ಸೇ ಹಿಂದಕ್ಕೆ ವಾಲಿತು. ಸ್ಟುಡಿಯೊ ಆಲ್ಬಮ್‌ಗಳ ಸರೌಂಡ್ ಬಗ್ಗೆ ಬೇಕಾದಷ್ಟು ಓದಲು ಸಿಗುತ್ತೆ, ಲೈವ್ ಬಗ್ಗೆ ಅಷ್ಟಿಲ್ಲ. ಮಾಡಿದವರು, ಕೇಳಿದವರು ಯಾರಿದ್ದರೂ ಅನುಭವ ಹೇಳಿ.

ಲೈವ್ ರೆಕಾರ್ಡಿಂಗ್ ಕೆಲಸದವರು

ಸ್ನೇರ್ ಎರಡು ಸಲ ಕೇಳೋದಕ್ಕೆ ಕಾರಣ ದೂರ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತೆ. ಡೆಸ್ಕು ವೇದಿಕೆಯಿಂದ 25 ಮೀಟರ್ ಆಚೆ ಇದೆ ಅಂದ್ಕೊಳ್ಳಿ, ಅಲ್ಲಿನ ಮೈಕಿಗೆ ಪೆಟ್ಟು ಮುಟ್ಟೋ ಹೊತ್ತಿಗೆ 73 ಮಿಲಿಸೆಕೆಂಡ್ ಕಳೆದಿರುತ್ತೆ. ಸ್ನೇರಿನಂಥ ಚುರುಕು ಸದ್ದು 30–40 ಮಿಲಿಸೆಕೆಂಡಿಗಿಂತ ತಡವಾಗಿ ಮತ್ತೆ ಬಂದರೆ ಕಿವಿ ಅದನ್ನು ಬೇರೆ ಪೆಟ್ಟು ಅಂತ ಎಣಿಸುತ್ತೆ. ಅದರೊಳಗೆ ಬಂದರೆ ಮೊದಲನೆಯದರ ಜೊತೆ ಸೇರಿಸಿಕೊಂಡು, ಜಾಗ ದೊಡ್ಡದಿದೆ ಅಂತಷ್ಟೇ ತಿಳಿಯುತ್ತೆ.

ಹಾಗಾಗಿ ಆ ಟ್ರ್ಯಾಕುಗಳನ್ನು ಟೈಮ್‌ಲೈನಿನಲ್ಲಿ ಎಡಕ್ಕೆ ಎಳೆದು ಮುಂಚಿತವಾಗಿ ಬರುವ ಹಾಗೆ ಮಾಡಿ. ಪೂರ್ತಿ ಸೊನ್ನೆಗೆ ತರಬೇಡಿ. ತಂದರೆ ಸಭಾಂಗಣದ ಅನುಭವವೇ ಮಾಯವಾಗುತ್ತೆ, ಡ್ರಮ್ಮಿನ ಪಕ್ಕದಲ್ಲೇ ಇಟ್ಟ ಕ್ಲೋಸ್ ಮೈಕಿನ ಜೊತೆ ತಿಕ್ಕಾಡಿ ಸ್ನೇರಿನ ಬಣ್ಣವೂ ಕೆಡುತ್ತೆ. ನಾನು 15ರಿಂದ 25 ಮಿಲಿಸೆಕೆಂಡ್ ಉಳಿಸ್ತೀನಿ. ಮುಂದಿನ ಜೋಡಿ, ಹಿಂದಿನ ಜೋಡಿ ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಅಳೆಯೋದು ಟೇಪು ಹಿಡಿದಲ್ಲ. ಡೆಸ್ಕಿನ ಹತ್ತಿರದ ಮೈಕಿಗೆ ಮುಖ್ಯವಾಗಿ ಕೇಳಿಸೋದು ಪಿಎ (ಜನರಿಗೆ ಕೇಳಿಸೋಕೆ ಇಟ್ಟ) ಸ್ಪೀಕರು, ಅದಕ್ಕೆ ತನ್ನದೇ ಡಿಜಿಟಲ್ ವಿಳಂಬ ಇರುತ್ತೆ. ಬೇರೆ ವಾದ್ಯ ನಿಂತ ಜಾಗದಲ್ಲಿ ಒಂಟಿಯಾಗಿ ಬಿದ್ದ ಸ್ನೇರ್ ಪೆಟ್ಟು ಹುಡುಕಿ, ಎರಡೂ ಅಲೆಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ.

ಇದರಿಂದ ಇನ್ನೊಂದು ಲಾಭ ಇದೆ. ಹಿಂದಿನ ಸಾಲಿನವರು ತಾವು ಕೇಳಿದ ತಾಳಕ್ಕೆ ಚಪ್ಪಾಳೆ ತಟ್ಟುತ್ತಾರೆ, ಅಂದರೆ ವೇದಿಕೆಗಿಂತ ತಡವಾಗಿ. ಟ್ರ್ಯಾಕ್ ಎಳೆದಾಗ ಅದೂ ತಕ್ಕಮಟ್ಟಿಗೆ ತಾಳಕ್ಕೆ ಬರುತ್ತೆ. ಏಳು ಮಾತ್ರೆಯ ಭಾಗ ಬಂದಾಗ ಮಾತ್ರ ಜನ ಎಲ್ಲೋ ಕಳೆದುಹೋಗಿರ್ತಾರೆ. ಅದನ್ನು ಯಾವ ಜೋಡಣೆಯೂ ಸರಿಮಾಡಲ್ಲ, ಫೇಡರ್ ಎಳೆದು ಸದ್ದು ಇಳಿಸಿ.

ಆ ಮೈಕುಗಳಲ್ಲಿ 150–200 ಹರ್ಟ್ಸಿನ ಕೆಳಗಿನದನ್ನೆಲ್ಲ ಕತ್ತರಿಸಿಬಿಡಿ. ಅಲ್ಲಿರೋದು ಪಿಎಯ ಬೇಸ್ ಸಭಾಂಗಣದಲ್ಲಿ ಸುತ್ತಾಡಿದ ಗುಂಯ್ ಸದ್ದು ಮಾತ್ರ. ಹಾಡಿನ ಒಳಗೆ ಪೂರ್ತಿ ಮುಚ್ಚಬೇಡಿ, ಇಳಿಸಿ ಇಡಿ. ಮುಚ್ಚಿ ತೆರೆದರೆ ಪ್ರತಿ ಸಲವೂ ಕೋಣೆಯ ಗೋಡೆ ಸರಿದ ಹಾಗೆ ಅನ್ನಿಸುತ್ತೆ.

ಅದಕ್ಕೆ ಸೇರಿಸಿ ಒಬ್ಬರು

ಹಿಂದಿನ ಎರಡು ಮೈಕು ಬೇರೆ ರೆಕಾರ್ಡರಿನಲ್ಲಿ ಇದ್ದವಾ, ಮೊದಲು ವಿಚಾರಿಸಿ. ಎರಡು ಯಂತ್ರಗಳ ಗಡಿಯಾರಕ್ಕೆ ಕೊಂಡಿ ಇಲ್ಲದಿದ್ದರೆ ಒಂದು ನಿಧಾನವಾಗಿ ಜಾರುತ್ತಾ ಹೋಗುತ್ತೆ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೂ 20 ನಿಮಿಷದಲ್ಲಿ 60 ಮಿಲಿಸೆಕೆಂಡ್ ಆಯಿತು. ಪಾಪ್ ಹಾಡಾದರೆ ನಾಲ್ಕು ನಿಮಿಷಕ್ಕೊಮ್ಮೆ ಸರಿಪಡಿಸಿಕೊಳ್ಳಬಹುದು. ಈ ಸಂಗೀತದಲ್ಲಿ ಒಂದೇ ಕೃತಿ ಇಪ್ಪತ್ತು ನಿಮಿಷ ದಾಟುತ್ತೆ. ಶುರುವಿನಲ್ಲೂ ಕೊನೆಯಲ್ಲೂ ಅಳೆದು, ಇಡೀ ಟ್ರ್ಯಾಕನ್ನು ಅಷ್ಟೇ ಪ್ರಮಾಣದಲ್ಲಿ ಹಿಗ್ಗಿಸಿ ಅಥವಾ ಕುಗ್ಗಿಸಿ.

ಮನೆಯಲ್ಲಿ ಕೂತು ಕೇಳುವವನು

ನಾನು ಮಿಕ್ಸ್ ಮಾಡೋನಲ್ಲ, ದುಡ್ಡು ಕೊಟ್ಟು ಡಿಸ್ಕ್ ತಗೊಂಡು ಕೇಳೋನು. ಒಂದೇ ಮಾತು: ಲೈವ್ ಅಂದಮೇಲೆ ಬ್ಯಾಂಡ್ ಮುಂದೆ ಇರಬೇಕು. ತೆರೆ ಮೇಲೆ ಗಿಟಾರ್ ವಾದಕ ನನ್ನ ಎದುರಿಗೆ ನಿಂತಿದ್ದಾನೆ, ಸೋಲೋ ಮಾತ್ರ ಸೋಫಾ ಹಿಂದಿನಿಂದ ಬರುತ್ತೆ ಅಂದರೆ ನನಗೆ ಸಿಟ್ಟೇ ಬರುತ್ತೆ. ಹಿಂದೆ ಜನ ಇರಲಿ, ಸಭಾಂಗಣದ ಸದ್ದು ಇರಲಿ, ಸಾಕು. ಕ್ಯಾಮೆರಾ ಬದಲಾದ ಹಾಗೆಲ್ಲ ಸದ್ದನ್ನು ತಿರುಗಿಸೋದಂತೂ ದಯವಿಟ್ಟು ಬೇಡ.

ಸರೌಂಡ್ ಮಿಕ್ಸ್ ಮಾಡುವವರು

ಕ್ಯಾಮೆರಾ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಉಳಿದದ್ದಕ್ಕೆ ಇಲ್ಲ. ಈ ಜಾತಿಯ ಸಂಗೀತದಲ್ಲಿ ಶೋಗಳೇ ಮೊದಲಿನಿಂದ ಕೇಳುಗರನ್ನು ಸುತ್ತುವರಿದಿವೆ. ಪಿಂಕ್ ಫ್ಲಾಯ್ಡ್ ಬ್ಯಾಂಡಿನವರು 1967ರ ಮೇ 12ರಂದು ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲ್‌ನಲ್ಲಿ ಅಜಿಮತ್ ಕೋ-ಆರ್ಡಿನೇಟರ್ ಅನ್ನೋ ಪೆಟ್ಟಿಗೆಯ ಜಾಯ್‌ಸ್ಟಿಕ್ ಹಿಡಿದು ಸದ್ದನ್ನು ಹಾಲಿನ ಸುತ್ತ ಓಡಾಡಿಸಿದ್ದರು. ಅಂಥ ಶೋವನ್ನು ಇವತ್ತು ಮಿಕ್ಸ್ ಮಾಡಿ ಎಲ್ಲವನ್ನೂ ಮುಂದೆಯೇ ಇಟ್ಟರೆ ಅದೇ ಸುಳ್ಳಾಗುತ್ತೆ. ಇನ್ನೊಂದು ತುದಿಗೆ ಕಿಂಗ್ ಕ್ರಿಮ್ಸನ್ ಬ್ಯಾಂಡ್ ಇದೆ. 1974ರ ‘ಸ್ಟಾರ್‌ಲೆಸ್ ಅಂಡ್ ಬೈಬಲ್ ಬ್ಲ್ಯಾಕ್’ ಬಹುಪಾಲು ವೇದಿಕೆಯಲ್ಲೇ ರೆಕಾರ್ಡ್ ಆದದ್ದು, ಅದರಲ್ಲೂ ಹೆಚ್ಚಿನದು 1973ರ ನವೆಂಬರ್ 23ರ ಆಮ್‌ಸ್ಟರ್‌ಡ್ಯಾಮ್ ಶೋದಿಂದ. ಜನರ ಸದ್ದನ್ನು ತೆಗೆದುಹಾಕಿದ್ದರಿಂದ ಅದನ್ನು ಸ್ಟುಡಿಯೊ ಆಲ್ಬಮ್ ಅಂತಲೇ ಎಲ್ಲರೂ ಕೇಳಿದರು. ಜನ ಇಲ್ಲದ ರೆಕಾರ್ಡಿಂಗಿನಲ್ಲಿ ಹಿಂದೆ ಏನಿಡಬೇಕು ಅನ್ನೋದು ಬೇರೆಯೇ ಲೆಕ್ಕ. ಕೇಳುಗ ಎಲ್ಲಿ ಕೂತಿದ್ದಾನೆ ಅನ್ನೋದನ್ನು ಮೊದಲು ನೀವೂ ಬ್ಯಾಂಡಿನವರೂ ಕೂತು ತೀರ್ಮಾನಿಸಿ, ಆಮೇಲೆ ಪ್ಯಾನ್ (ಯಾವ ಸದ್ದು ಯಾವ ಸ್ಪೀಕರಿಗೆ ಎಷ್ಟು ಅನ್ನೋ ಹಂಚಿಕೆ) ಮುಟ್ಟಿ.

ನಿಮ್ಮ ಗಿಟಾರ್ ಸಮಸ್ಯೆಗೆ ಬರ್ತೀನಿ. ಕೀಬೋರ್ಡ್ ಡಿಐ (ಮೈಕಿಲ್ಲದೆ ತಂತಿಯಲ್ಲೇ ಸದ್ದು ತೆಗೆದುಕೊಳ್ಳುವ ಪೆಟ್ಟಿಗೆ) ಮೂಲಕ ನೇರ ಬಂದಿದೆ, ಅದರಲ್ಲಿ ಬೇರೆ ಸದ್ದಿಲ್ಲ, ಎಲ್ಲಿ ಬೇಕಾದರೂ ಇಡಬಹುದು. ಗಿಟಾರ್ ಆಂಪಿನ ಮುಂದಿನ ಮೈಕಿಗೆ ಪಕ್ಕದ ಸಿಂಬಲ್ಲೂ ಸೋರಿರುತ್ತೆ. ಗಿಟಾರನ್ನು ಹಿಂದೆ ಒಯ್ದರೆ ಡ್ರಮ್ಸಿನ ಒಂದು ಚೂರೂ ಜೊತೆಗೆ ಹೋಗುತ್ತೆ, ಅದು ಮುಂದಿನದನ್ನು ಎಳೆಯುತ್ತೆ. ಲೈವ್ ಸರೌಂಡಿನಲ್ಲಿ ಯಾವುದು ಎಲ್ಲಿ ಕೂರಬೇಕು ಅನ್ನೋದನ್ನು ಅರ್ಧಕ್ಕರ್ಧ ಈ ಸೋರಿಕೆಯೇ ನಿರ್ಧರಿಸುತ್ತೆ. ಒಂದೊಂದೇ ಟ್ರ್ಯಾಕನ್ನು ಸೋಲೋ ಮಾಡಿ ಕೇಳಿ, ಶುದ್ಧವಾದವು ಯಾವುವು ಅಂತ ಪಟ್ಟಿ ಮಾಡಿ: ಸಿಂತ್, ಪಿಕಪ್ಪಿನಿಂದ ಬಂದ ಅಕೂಸ್ಟಿಕ್ ಗಿಟಾರ್, ಮೊದಲೇ ರೆಕಾರ್ಡ್ ಮಾಡಿಟ್ಟುಕೊಂಡು ಶೋದಲ್ಲಿ ನುಡಿಸಿದ ಕೋರಸ್ ಮತ್ತು ಎಫೆಕ್ಟ್. ಕೊನೆಯದರ ಸ್ಟೀರಿಯೊ ಮಿಶ್ರಣ ಮಾತ್ರ ನಿಮ್ಮ ಹತ್ತಿರ ಇದ್ದರೆ ಬ್ಯಾಂಡಿನವರಿಂದ ಬಿಡಿ ಟ್ರ್ಯಾಕುಗಳನ್ನೇ ಕೇಳಿ ತರಿಸಿಕೊಳ್ಳಿ, ನಿಮ್ಮ ಅತ್ಯುತ್ತಮ ಸರೌಂಡ್ ಸರಕು ಅದೇ. ಗಿಟಾರ್ ಹಿಂದೆ ಬರಲೇಬೇಕು ಅಂದರೆ ಅದರ ಡಿಲೇ ಮತ್ತು ರಿವರ್ಬ್ ಮಾತ್ರ ಹಿಂದೆ ಕಳಿಸಿ, ಮೂಲ ಸದ್ದು ಮುಂದೆಯೇ ಇರಲಿ. ಮನೆಯಲ್ಲಿ ಕೇಳುವವರಿಗೂ ಆಗ ಸಿಟ್ಟು ಬರಲ್ಲ.

ಇನ್ನೊಂದು, ಪಕ್ಕದ ಜಾಗವನ್ನು ನಂಬಬೇಡಿ. ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಪ್ರಕಾರ 5.1ರ ಸರೌಂಡ್ ಸ್ಪೀಕರುಗಳು ಎದುರಿನಿಂದ 100ರಿಂದ 120 ಡಿಗ್ರಿಯಲ್ಲಿ ಇರುತ್ತವೆ. ಮುಂದಿನದಕ್ಕೂ ಅದಕ್ಕೂ ನಡುವೆ ಪ್ಯಾನ್ ಮಾಡಿ ನಿಲ್ಲಿಸಿದ ವಾದ್ಯ ನಿಂತಲ್ಲಿ ನಿಲ್ಲಲ್ಲ, ತಲೆ ಸ್ವಲ್ಪ ತಿರುಗಿಸಿದರೆ ಯಾವುದೋ ಒಂದು ಸ್ಪೀಕರಿಗೆ ಜಿಗಿಯುತ್ತೆ. ಚಲಿಸುವ ಸದ್ದಿಗೆ ಪರವಾಗಿಲ್ಲ, ತಾಳ ಹಿಡಿಯುವ ವಾದ್ಯಕ್ಕೆ ಬೇಡ.

ಕೇಳಿ ಕಲಿಯೋಕೆ: ಪಿಂಕ್ ಫ್ಲಾಯ್ಡಿನ ‘ಪಲ್ಸ್’ (1994ರ ಶೋ, 2006ರ ಡಿವಿಡಿ, 5.1 ಮಿಕ್ಸ್ ಜೇಮ್ಸ್ ಗತ್ರಿ ಅವರದು), ಪೋರ್ಕ್ಯುಪೈನ್ ಟ್ರೀಯ ‘ಅನೆಸ್ತಟೈಜ್’ (2008ರ ಶೋ, 2010ರಲ್ಲಿ ಬಿಡುಗಡೆ). ಮುಂದಿನ ಮೂರೂ ಸ್ಪೀಕರ್ ಆಫ್ ಮಾಡಿ, ಹಿಂದಿನ ಎರಡರಲ್ಲಿ ಏನೇನಿದೆ ಅಂತ ಮಾತ್ರ ಒಂದು ಹಾಡು ಪೂರ್ತಿ ಕೇಳಿ. ಲೇಖನ ಓದೋದಕ್ಕಿಂತ ಬೇಗ ತಿಳಿಯುತ್ತೆ.

ಕೇಳಿದವರು

ತುಂಬಾ ಉಪಕಾರವಾಯಿತು. ಗಾಯನವನ್ನು ಸೆಂಟರಿಗೆ ಪೂರ್ತಿ ಕೊಡೋದಾ? ಎಲ್‌ಎಫ್‌ಇಗೆ, ಅಂದರೆ ಆ ತಗ್ಗು ಸದ್ದಿನ ಚಾನೆಲ್ಲಿಗೆ, ಕಿಕ್ ಡ್ರಮ್ ಕಳಿಸಬೇಕಾ?

ಲೈವ್ ರೆಕಾರ್ಡಿಂಗ್ ಕೆಲಸದವರು

ಗಾಯಕರ ಮೈಕಿನ ಹಿಂದೆಯೇ ಡ್ರಮ್ಸ್ ಇರುತ್ತೆ ಅನ್ನೋದು ನೆನಪಿರಲಿ. ಪೂರ್ತಿ ಸೆಂಟರಿಗೆ ಕೊಟ್ಟು ಸಾಲುಗಳ ನಡುವೆ ಮ್ಯೂಟ್ ಮಾಡಿದರೆ ಸಿಂಬಲ್ಲುಗಳ ಬಣ್ಣ ಪ್ರತಿ ಸಾಲಿಗೂ ಬದಲಾಗುತ್ತೆ. ಮ್ಯೂಟ್ ಬದಲು ಆರೇಳು ಡೆಸಿಬೆಲ್ (ಡಿಬಿ) ಇಳಿಸಿ, ಗಾಯನದ ಒಂದು ಪಾಲನ್ನು ಎಡಬಲಕ್ಕೂ ಹಂಚಿ. ಸೆಂಟರ್ ಒಂದನ್ನೇ ಕೇಳಿ ಶ್ರುತಿ ತಿದ್ದಿದ್ದನ್ನು ಹುಡುಕಿ ತೆಗೆಯುವ ಅಭಿಮಾನಿಗಳೂ ಇದ್ದಾರೆ, ಹಂಚಿದರೆ ಆ ಕಾಟವೂ ಕಡಿಮೆ.

ಎಲ್‌ಎಫ್‌ಇ ವಿಷಯದಲ್ಲಿ ಜಿಪುಣರಾಗಿ. ಮುಖ್ಯ ಐದು ಚಾನೆಲ್ಲುಗಳೂ ಪೂರ್ಣ ವ್ಯಾಪ್ತಿಯವು, ಐದು ತಂತಿಯ ಬೇಸಿನ ಸುಮಾರು 31 ಹರ್ಟ್ಸಿನ ಬಿ ಸ್ವರವನ್ನೂ ಹೊತ್ತುಕೊಳ್ಳುತ್ತವೆ. ಮನೆಗಳಲ್ಲಿ ಚಿಕ್ಕ ಸ್ಪೀಕರುಗಳ ತಗ್ಗು ಸದ್ದೆಲ್ಲ ಹೇಗೂ ಸಬ್‌ವೂಫರಿಗೇ ಹೋಗುತ್ತೆ. ಎಲ್‌ಎಫ್‌ಇಯ ಫಿಲ್ಟರಿನಿಂದ ಹಾದ ಕಿಕ್ ಸ್ವಲ್ಪ ತಡವಾಗಿ ಅಲ್ಲಿ ಈ ತಗ್ಗು ಸದ್ದಿನ ಜೊತೆ ಸೇರಿದರೆ ಒಂದನ್ನೊಂದು ತಿಂದುಹಾಕಬಹುದು. ಸಾಲದ್ದಕ್ಕೆ ಎಲ್‌ಎಫ್‌ಇ ಮರುನುಡಿಸುವಾಗ 10 ಡಿಬಿ ಹೆಚ್ಚಿಗೆ ಬರುತ್ತೆ. ಕಾಲಲ್ಲಿ ಒತ್ತುವ ಬೇಸ್ ಪೆಡಲ್ ಇದ್ದರೆ, ಅದು ಗುಡುಗುವ ಒಂದೆರಡು ಜಾಗಕ್ಕೆ ಮೀಸಲಿಡಿ.

ಸರೌಂಡ್ ಮಿಕ್ಸ್ ಮಾಡುವವರು

ಕಳಿಸೋ ಮುಂಚೆ ಸ್ಟೀರಿಯೊಗೆ ಮಡಚಿ ಕೇಳಿ. ಸಾಮಾನ್ಯವಾಗಿ ಪ್ಲೇಯರುಗಳು ಸೆಂಟರನ್ನೂ ಸರೌಂಡುಗಳನ್ನೂ 3 ಡಿಬಿ ಇಳಿಸಿ ಎಡಬಲಕ್ಕೆ ಸೇರಿಸ್ತವೆ, ಎಲ್‌ಎಫ್‌ಇಯನ್ನು ಬಿಟ್ಟೇಬಿಡ್ತವೆ. ಗುಡುಗು ಅದರಲ್ಲಿ ಮಾತ್ರ ಇದ್ದರೆ ಅಲ್ಲಿಗೆ ಹೋಯಿತು. ನೀವು ಮುಂಚಿತವಾಗಿ ಎಳೆದ ಹಾಲ್ ಮೈಕುಗಳು ಸ್ನೇರಿನ ಮೇಲೆ ಬಿದ್ದು ಡಬ್ಬಿಯ ಸದ್ದು ಬರ್ತಿದೆಯಾ ಅನ್ನೋದೂ ಆಗಲೇ ಗೊತ್ತಾಗೋದು. ಬಂದರೆ ಐದು ಮಿಲಿಸೆಕೆಂಡ್ ಆಚೀಚೆ ಮಾಡಿ ನೋಡಿ.

ಎಡಿಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಎರಡು ಹಾಡುಗಳ ನಡುವಿನ ಮಾತನ್ನು ಕತ್ತರಿಸಿದ್ದರೆ ಸ್ಟೀರಿಯೊದಲ್ಲಿ ಸಾಕಾಗಿದ್ದ ಕ್ರಾಸ್‌ಫೇಡ್ ಇಲ್ಲಿ ಸಾಕಾಗಲ್ಲ. ಹಿಂದೆ ಶಿಳ್ಳೆ ಹೊಡೀತಿದ್ದವನು ಅರ್ಧಕ್ಕೇ ಮಾಯವಾದರೆ ಕೇಳುಗರು ತಿರುಗಿ ನೋಡ್ತಾರೆ. ಮುಂದಿನ ಚಾನೆಲ್ಲುಗಳಲ್ಲಿ ಕ್ರಾಸ್‌ಫೇಡ್ ಒಂದು ಸೆಕೆಂಡಿನದ್ದಾದರೆ ಹಿಂದೆ ನಾಲ್ಕೈದು ಸೆಕೆಂಡ್ ಕೊಡಿ, ಅದೂ ಶಿಳ್ಳೆ ಕೂಗು ಇಲ್ಲದ, ಬರೀ ಗುಜುಗುಜು ಇರೋ ಜಾಗ ನೋಡಿ.